ಆರು ತುಂಡಿನ ಮಾತು

ನವೆಂಬರ್ 3, ಮಂಗಳವಾರ. ಬೆಳಿಗ್ಗೆ 8.10
ಅಕ್ಕ ಫೆನ್ನಾ ಕೆಲಸಕ್ಕೆ ಹೋದಳು. ಹೊರಗಿನಿಂದ ಬೀಗ, ಎರಡು ಸುತ್ತು. ಇನ್ನು ಐದೂವರೆವರೆಗೆ ನಾನು, ರೇಡಿಯೊ, ಕಿಟಕಿಯಲ್ಲಿ ಐಸೆಲ್ ನದಿ. ಪಾರ್ಶ್ವವಾಯು ಹೊಡೆದು ಏಳು ತಿಂಗಳು. ಎಡಗೈ ಬರಹ ಪರವಾಗಿಲ್ಲ. ಬಾಯಿ ಮಾತ್ರ...

ನಿನ್ನೆ ಅಕ್ಕನ ಹತ್ತಿರ 'ಹೌಸ್‌ಸ್ಲೋಟೆಲ್' ಕೇಳಲು ಹೋದೆ. ನಮ್ಮ ಡಚ್ ಮಾತಲ್ಲಿ ಮನೆಯ ಕೀ. 'ಹೌಸ್' ಬಂತು, ಅಲ್ಲಿಗೇ ನಿಂತಿತು.
"ಹೌಸ್‌ಆರ್ಟ್ಸಾ? ಡಾಕ್ಟರ್ ಬೇಕಾ? ಎಲ್ಲಿ ನೋವು?" ಫೋನ್ ಮಾಡಿಯೇ ಬಿಟ್ಟಳು.

ನವೆಂಬರ್ 5
ಚೀಟಿ ಬರೆದುಕೊಟ್ಟೆ — ಕೀ ಕೊಡು.
"ಕೊಟ್ಟು? ಆಗಸ್ಟಲ್ಲಿ ನದೀ ದಂಡೆ ಮೇಲೆ ಬಿದ್ದೆಯಲ್ಲ, ಏನಾಯ್ತು? ಕುಡಿದು ಬಿದ್ದಿದ್ದಾಳೆ ಅಂತ ಜನ ದಾಟ್ಕೊಂಡು ಹೋದ್ರು. ಎರಡು ಗಂಟೆ, ಆಲೀ! ಬಾಯಲ್ಲಿ ಕೇಳು. ಪೂರ್ತಿ ಹೇಳಿದ ದಿನ ಕೊಡ್ತೀನಿ."

ನವೆಂಬರ್ 9, ಸೋಮವಾರ
ಅಕ್ಕನಿಗೆ ರಜೆ. ಮಾತು ಕಲಿಸುವ ಮರ್ಲೂಸ್ ಬಂದಿದ್ದಳು. ಮೇಜಿನ ಮೇಲೆ ಬೆರಳು ತಟ್ಟುತ್ತಾಳೆ. "ಮೊದಲು ಪದ ಎಲ್ಲಿ ಸೇರಿದೆ ನೋಡಿ, ಆಲೀ ಅವ್ರೇ. ಹೌಸ್ ಒಂದು, ಸ್ಲೋಟೆಲ್ ಒಂದು. ಆಮೇಲೆ ಸ್ಲೋ, ಟೆಲ್."
ಎರಡು 'ಸ' ನಡುವೆ ಉಸಿರು ಬಿಡಬೇಕಂತೆ. ನನ್ನದು ಬರೀ ಬುಸ್ ಎನ್ನುತ್ತದೆ.
"ಇನ್ನೂ ಉದ್ದ ಮಾಡೋಣ್ವಾ?" ಬಾಲಕ್ಕೆ ಬೆ-ವಾರ್-ಸ್ಟರ್ ಸೇರಿಸಿದಳು. ಕಾಯುವವಳು. ಮನೆಯ ಕೀ ಕಾಯುವವಳು! ಒಟ್ಟು ಆರು ತುಂಡು. ಅಕ್ಕನಿದ್ದ ಅಡುಗೆಮನೆ ಕಡೆ ಕಣ್ಣು ಹಾಯಿಸಿದಳು. ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ನಕ್ಕು.

ನವೆಂಬರ್ 24, ಮಂಗಳವಾರ
ಬರೆದಿಲ್ಲ. ದಿನವಿಡೀ ತಟ್ಟುವುದೇ. ಬೆರಳ ತುದಿ ಊದಿದೆ. ಐದನೆಯ ತುಂಡಿನಲ್ಲಿ ನಾಲಿಗೆ ಸಿಕ್ಕಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ.
ಇವತ್ತು ಸಂಜೆ ಪದ ಬಂತು. ಆರೂ! ಜೋರಾಗಿ, ಗೋಡೆಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಒಳಗೆ ಬಂದಳು. ಅವಳ ಮುಂದೆ — ಹೌ... ಹೌ... ಅಷ್ಟೇ. ಅವಳು ನನ್ನ ಮುಖ ನೋಡಲಿಲ್ಲ.

ನವೆಂಬರ್ 30, ಸೋಮವಾರ
ಅಕ್ಕ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಎದುರು ಕೂತೆ. ತಟ್ಟಿದೆ. ಹೌಸ್. ಉಸಿರು. ಸ್ಲೋ-ಟೆಲ್-ಬೆ-ವಾರ್-ಸ್ಟರ್. ಬೆರಳು ಅವಳ ಕಡೆ ತೋರಿಸಿದೆ.
ನಗುತ್ತಾಳೆ ಅಂದುಕೊಂಡಿದ್ದೆ. ಚಾಕು ಕೆಳಗಿಟ್ಟಳು.
"ಹೋದ ಮಂಗಳವಾರಾನೇ ಕೇಳಿಸ್ಕೊಂಡೆ, ಆಲೀ. ಬಾಗಿಲಾಚೆ ನಿಂತಿದ್ದೆ. ಕೀ ಕೈಯಲ್ಲೇ ಇತ್ತು... ಕೊಡೋಕೆ ಮನಸ್ಸು ಬರಲಿಲ್ಲ ಕಣೇ."
ಆಗಸ್ಟಿನಿಂದ ನನ್ನೊಬ್ಬಳನ್ನೇ ಕೂಡಿಹಾಕಿದ್ದಾಳೆಂದು ತಿಳಿದಿದ್ದೆ; ಭಯ ಅವಳನ್ನೂ ಕೂಡಿಹಾಕಿತ್ತು.

ಡಿಸೆಂಬರ್ 1. ಬೆಳಿಗ್ಗೆ 8.40
ಮೇಜಿನ ಮೇಲೆ ಕೀ. ಬಾಗಿಲಿಗೆ ಬೀಗವಿಲ್ಲ. ಎಡಗೈಯಲ್ಲಿ ಕೋಟಿನ ಗುಂಡಿ ಹಾಕಿದ್ದಾಯಿತು. ಎರಡು ಮಹಡಿ ಇಳಿಯಬೇಕು. ನಾಳೆ ಹೋದರಾಯಿತು ಅನಿಸುತ್ತಿದೆ — ಥೂ. ಬರೆಯುತ್ತಾ ಕೂತರೆ ಸಂಜೆಯಾಗುತ್ತದೆ. ಇನ್ನು ಪೆನ್ನು ಇಟ್ಟು ಹೊರಟೆ.