ಅಮ್ಮ ಸಾಯದ ಪುಸ್ತಕಗಳು

ನಮ್ಮ ಮನೆ, ಮೂರನೇ ಮಹಡಿ
(‘ನಮ್ಮ ಮನೆ’ ಎಂದು ಬರೆಯುವಾಗ ನನಗೆ ಇನ್ನೂ ನಗು ಬರುತ್ತದೆ!)
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ, ಮುದ್ದಿನ, ನನ್ನೊಬ್ಬಳದೇ ಆದ ಅಕ್ಕಾ,

ಹೇಗಿದ್ದೀಯ? ‘ಪರವಾಗಿಲ್ಲ’ ಎನ್ನುವ ಉತ್ತರ ನನಗೆ ಬೇಡ, ಅದನ್ನು ಫೋನಿನಲ್ಲಿ ದಿನಾ ಕೇಳುತ್ತೇನೆ. ಬಾಯಿಹುಣ್ಣು ಕಡಿಮೆಯಾಯಿತಾ? ಊಟ ಒಳಗೆ ನಿಲ್ಲುತ್ತಿದೆಯಾ? ಭಾವ ಆ ಮಡಚುವ ಕುರ್ಚಿಯಲ್ಲೇ ಮಲಗುತ್ತಿದ್ದಾರಾ, ಇಲ್ಲ ಆಸ್ಪತ್ರೆಯವರು ಕೊನೆಗೂ ಕರಗಿ ಒಂದು ಮಂಚ ಕೊಟ್ಟರಾ? ನಾನು ಕಾಗದ ಬರೆಯುತ್ತಿದ್ದೇನೆ ಎಂದರೆ ನೀನು ನಂಬುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ, ನಕ್ಕರೂ ಹೊಟ್ಟೆ ನೋಯದಷ್ಟು ಮಾತ್ರ ನಗು. ಫೋನಿನಲ್ಲಿ ಹೇಳಲು ಆಗುವುದಿಲ್ಲ ಅಕ್ಕಾ. ನಿನ್ನ ಮಗಳು ಚೋಟು ಯಾವಾಗಲೂ ಪಕ್ಕದಲ್ಲೇ ಇರುತ್ತಾಳೆ. ನಿನ್ನ ಧ್ವನಿ ಬಂದರೆ ಸಾಕು, ಬಂದು ನನ್ನ ಮೊಣಕೈಗೆ ಅಂಟಿಕೊಂಡು ನಿಂತುಬಿಡುತ್ತಾಳೆ.

ಮೊದಲು ನನ್ನ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಇವರು ಎಷ್ಟು ಒಳ್ಳೆಯವರು ಗೊತ್ತಾ! ಇಡೀ ದಿನ ಲಿಫ್ಟ್ ರಿಪೇರಿ ಮಾಡಿ ಕೈಯೆಲ್ಲಾ ಗ್ರೀಸ್ ಮಾಡಿಕೊಂಡು ಬರುತ್ತಾರೆ. ಬಾಗಿಲಲ್ಲೇ ನಿಂತು ಎರಡೂ ಕೈ ಮೇಲೆತ್ತಿ ‘ಮುಟ್ಟಬೇಡ, ಮುಟ್ಟಬೇಡ’ ಎಂದು ಪೊಲೀಸರಿಗೆ ಸಿಕ್ಕವರ ಹಾಗೆ ಬಚ್ಚಲಿಗೆ ಹೋಗುತ್ತಾರೆ. ನಾನು ಬೇಕೆಂದೇ ಅಡ್ಡ ನಿಲ್ಲುತ್ತೇನೆ. ಊರಿಗೆಲ್ಲ ಲಿಫ್ಟ್ ಸರಿಮಾಡುವವರ ಮನೆಗೆ ಮಾತ್ರ ಮೂರು ಮಹಡಿ ಹತ್ತಿಯೇ ಬರಬೇಕು, ಅದೊಂದು ಬೇರೆ. ನಗುನಗುತ್ತಲೇ ಇರುತ್ತೇನೆ, ಆಮೇಲೆ ಒಮ್ಮೆಲೇ ನಿನ್ನ ನೆನಪಾಗಿ ಅಡುಗೆಮನೆಯ ನಲ್ಲಿ ಜೋರಾಗಿ ಬಿಡುತ್ತೇನೆ. ಇವರು ಬಂದು ನಲ್ಲಿ ನಿಲ್ಲಿಸಿ ಪಕ್ಕದಲ್ಲಿ ನಿಲ್ಲುತ್ತಾರೆ. ಮದುವೆಯಾಗಿ ಇಷ್ಟು ಸಂತೋಷವಾಗಿರುವುದಕ್ಕೆ ನನಗೆ ನಾಚಿಕೆಯಾಗುತ್ತದೆ ಅಕ್ಕಾ. ಇದನ್ನು ಬೇರೆ ಯಾರ ಹತ್ತಿರ ಹೇಳಲಿ?

ಈಗ ನಿನ್ನ ಮಗಳ ವಿಷಯ. ಹೋಗುವಾಗ ನೀನು ನನಗೆ ಹೇಳಿದ್ದನ್ನು ಒಂದೂ ಬಿಡದೆ ನಡೆಸುತ್ತಿದ್ದೇನೆ. ಅಮ್ಮ ಆಫೀಸಿನ ಟ್ರೈನಿಂಗಿಗೆ ಹೋಗಿದ್ದಾಳೆ. ಅಮ್ಮನ ಫೋನಿನ ಕ್ಯಾಮೆರಾ ಕೆಟ್ಟಿದೆ, ಅದಕ್ಕೇ ಮುಖ ಕಾಣುವುದಿಲ್ಲ. (‘ಚಿಕ್ಕಪ್ಪ ಲಿಫ್ಟೇ ಸರಿಮಾಡ್ತಾರಲ್ಲ, ಕ್ಯಾಮೆರಾ ಸರಿಮಾಡಕ್ಕೆ ಬರಲ್ವಾ?’ ಎಂದು ಕೇಳಿದಳು. ಇವರು ಕೆಮ್ಮಿ ಕೆಮ್ಮಿ ಆಚೆ ಹೋದರು.) ಶನಿವಾರ ತಪ್ಪದೆ ಲೈಬ್ರರಿ. ಮತ್ತೆ ಆ ಕೊನೆಯ ಮಾತು, ಅಮ್ಮಂದಿರಿಗೆ ಕಾಯಿಲೆಯಾಗುವ, ಅಮ್ಮಂದಿರು ಸಾಯುವ ಪುಸ್ತಕ ಮಾತ್ರ ಕೊಡಬೇಡ ಅಂದಿದ್ದೆಯಲ್ಲ. ಅದೇನು ಮಹಾ, ಅಂದುಕೊಂಡಿದ್ದೆ. ಅಕ್ಕಾ, ಮಕ್ಕಳ ಕಥೆಗಳಲ್ಲಿ ಅಮ್ಮಂದಿರು ಯಾಕೆ ಹೀಗೆ ಪಟಪಟ ಸಾಯುತ್ತಾರೆ? ರಾಜಕುಮಾರಿಯ ಅಮ್ಮ ಮೊದಲ ಸಾಲಿನಲ್ಲೇ ಹೋಗಿರುತ್ತಾಳೆ. ಅನಾಥ ಹುಡುಗನ ಅಮ್ಮ ಪುಸ್ತಕ ಶುರುವಾಗುವ ಮೊದಲೇ. ಹಕ್ಕಿ, ಆನೆ, ತಿಮಿಂಗಿಲ, ಯಾರ ಅಮ್ಮನಿಗೂ ಆಯಸ್ಸೇ ಇಲ್ಲ! ಬರೆಯುವವರಿಗೆ ಅಮ್ಮ ಬದುಕಿದ್ದರೆ ಮಕ್ಕಳನ್ನು ಕಾಡಿಗೆ ಕಳಿಸುವುದು ಕಷ್ಟ, ಅದಕ್ಕೇ ಇರಬೇಕು.

ಹಾಗಾಗಿ ಎಲ್ಲವನ್ನೂ ನಾನೇ ಮೊದಲು ಓದಿ ಜರಡಿ ಹಿಡಿಯಬೇಕಾಯಿತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಕೆಳಗೆ ಪುಸ್ತಕ ಬಿಡಿಸಿಟ್ಟುಕೊಂಡು, ಹೆಸರು ಕರೆಯುವ ಮಧ್ಯೆ ಮಧ್ಯೆ ಓದುತ್ತೇನೆ. ಒಂದು ದಿನ ಒಂದು ಆನೆಮರಿಯ ಕಥೆಗೆ ಮೂಗು ಒರೆಸಿಕೊಳ್ಳುತ್ತಾ ಅಳುತ್ತಿದ್ದೆ. ಎದುರಿಗೆ ಕಾಯುತ್ತಿದ್ದ ದಪ್ಪ ಮೀಸೆಯವರೊಬ್ಬರು ‘ಡಾಕ್ಟರು ಅಷ್ಟೊಂದು ನೋಯಿಸ್ತಾರಾ?’ ಎಂದು ಕೇಳಿ ಎದ್ದೇ ಹೋದರು. ಡಾಕ್ಟರಿಗೆ ಹೇಳಬೇಡ.

ಜರಡಿಯಲ್ಲಿ ಉಳಿದದ್ದನ್ನು ನಿನಗೂ ಹೇಳುತ್ತೇನೆ, ನೀನೂ ಓದಬಹುದು. ನಿಲ್ದಾಣದಲ್ಲಿ ನಿಲ್ಲಲು ನಾಚುವ ಒಂದು ಬಸ್ಸಿನ ಕಥೆ ಇದೆ, ಅದರಲ್ಲಿ ಇಡೀ ಕುಟುಂಬ ಓಡುತ್ತಲೇ ಹತ್ತಬೇಕು. ಅದನ್ನು ನಾವು ಮೂವರೂ ಮಂಚದ ಮೇಲೆ ಕೂತು ಓದಿದೆವು. ಬಸ್ಸಿನ ಸದ್ದು ಇವರ ಪಾಲು, ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟುವವರೆಗೂ ನಿಲ್ಲಿಸಲಿಲ್ಲ. ನಕ್ಷತ್ರಗಳ ದೊಡ್ಡ ಪುಸ್ತಕವೊಂದಿದೆ. ಅದರಲ್ಲಿ ಸಾಯುವುದು ನಕ್ಷತ್ರಗಳು ಮಾತ್ರ, ಅದೂ ನಿಧಾನವಾಗಿ, ಹಾಗಾಗಿ ಅದನ್ನೂ ಪಾಸು ಮಾಡಿದೆ. ಇನ್ನೊಂದು ಬೆರಳುಗಳು ಜಗಳವಾಡುವ ಚಿತ್ರಪುಸ್ತಕ. ಹೆಬ್ಬೆರಳು ಮನೆ ಬಿಟ್ಟುಹೋದ ದಿನ ಯಾರಿಗೂ ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಭಾವನ ಕೈಯಲ್ಲಿ ಓದಿಸು.

ಇಷ್ಟೆಲ್ಲ ಮಾಡಿಯೂ ಒಂದು ಕಡೆ ಎಡವಿದೆ. ನನ್ನ ಓದು ನಿನಗೆ ಗೊತ್ತೇ ಇದೆ, ಬಸವನಹುಳು. ಅದಕ್ಕೇ ಒಂದು ನೀರುನಾಯಿ ಮರಿಯ ಪುಸ್ತಕದ ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಮಾತ್ರ ಓದಿದೆ. ಮೊದಲು ಅಮ್ಮ ಮರಿಗೆ ಈಜು ಕಲಿಸುತ್ತದೆ, ಕೊನೆಗೆ ಮರಿ ಗೆಳೆಯರ ಜೊತೆ ಸಮುದ್ರ ಸೇರುತ್ತದೆ. ಆಹಾ, ಚಂದ! ಎಂದು ತಂದುಬಿಟ್ಟೆ. ಚೋಟುವಿಗೆ ಜೋರಾಗಿ ಓದುತ್ತಾ ಪುಟ ತಿರುಗಿಸಿದರೆ, ನಟ್ಟನಡುವೆ, ಪೊದೆಯ ಪಕ್ಕದಲ್ಲಿ, ಅಮ್ಮ ನೀರುನಾಯಿ ಕಣ್ಣು ಮುಚ್ಚಿ ಮಲಗಿದೆ. ಬಾಯಿಗೆ ಬಂದದ್ದನ್ನು ಹೇಳಿದೆ. ಅಮ್ಮ ನೀರುನಾಯಿಗೆ ಬೇರೆ ನದಿಗೆ ಟ್ರಾನ್ಸ್‌ಫರ್ ಆಯಿತು, ಹೊರಡುವ ಮೊದಲು ಒಂದು ನಿದ್ದೆ ಮಾಡುತ್ತಿದೆ, ಅಂದೆ. ಚೋಟು ನನ್ನ ಮುಖ ನೋಡಿದಳು, ಚಿತ್ರ ನೋಡಿದಳು, ‘ಹೂಂ, ಮುಂದೆ’ ಅಂದಳು. ಬಚಾವಾದೆ ಅಂದುಕೊಂಡೆ. ಅವಳು ನನಗಿಂತ ಚೆನ್ನಾಗಿ ಕನ್ನಡ ಓದುತ್ತಾಳೆ ಎನ್ನುವುದನ್ನೇ ಮರೆತಿದ್ದೆ ನೋಡು, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ನಮ್ಮ ಲೈಬ್ರರಿಯ ‘ಹೇಳುವ ಶನಿವಾರ’ ನಿನಗೆ ಗೊತ್ತಲ್ಲ? ಯಾರು ಬಾಯಿಬಿಟ್ಟರೂ ‘ಶ್’ ಎನ್ನುವ ಅಲ್ಲಿನ ಶ್-ಮೇಡಂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಮೇಲಿನ ಕಪಾಟಿಗೆ ಕೈ ಎಟುಕಿಸುವ ಆ ಸ್ಟೂಲಿನ ಮೇಲೆ ಹತ್ತಿಸುತ್ತಾರೆ. ಓದಿದ ಪುಸ್ತಕವನ್ನು ಉಳಿದ ಮನೆಗಳವರಿಗೆ ಶಿಫಾರಸು ಮಾಡಬೇಕು. ಕಥೆ ಹೇಳುವ ಹಾಗಿಲ್ಲ. ಯಾರು ಓದಬೇಕು, ಯಾರ ಜೊತೆ ಓದಬೇಕು, ಯಾವಾಗ ಓದಬಾರದು, ಇಷ್ಟೇ. ನಿನ್ನೆ ನಾವು ಮೂವರೂ ಚಾಪೆಯ ಮೇಲೆ ಕೂತಿದ್ದೆವು. ಒಬ್ಬ ಹುಡುಗ ‘ಈ ಭೂತದ ಪುಸ್ತಕ ಅಜ್ಜಂದಿರ ಜೊತೆ ಓದಬೇಕು, ಅವರಿಗೆ ಕಿವಿ ಕೇಳಲ್ಲ, ಕಿರುಚಿದ್ರೂ ಬೈಯಲ್ಲ’ ಎಂದು ಎಲ್ಲರನ್ನೂ ನಗಿಸಿ ಇಳಿದ. ಆಮೇಲೆ ಚೋಟು ಹತ್ತಿದಳು. ಕೈಯಲ್ಲಿ ನೀರುನಾಯಿ.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ‘ಇದನ್ನ ಚಿಕ್ಕಿ ಓದಿದ್ರೆ ಅಮ್ಮ ನೀರುನಾಯಿಗೆ ಟ್ರಾನ್ಸ್‌ಫರ್ ಆಗತ್ತೆ, ನಾನು ಓದಿದ್ರೆ ಸತ್ತೋಗತ್ತೆ.’ ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ, ಏನು ಮಾಡಲಿ. ಅವಳು ನಗು ನಿಲ್ಲುವವರೆಗೆ ಕಾದಳು, ನಿನ್ನ ಹಾಗೆಯೇ. ‘ಅಮ್ಮನ ಫೋನಲ್ಲಿ ಕ್ಯಾಮೆರಾ ಕೆಟ್ಟಿರೋ ಮಕ್ಕಳು ಇದನ್ನ ಓದ್ಬೇಕು. ಮನೇಲಿ ಎಲ್ಲರ ಜೊತೆ ಓದ್ಬೇಕು. ಒಬ್ಬರೇ ಓದಿದ್ರೆ ಆಮೇಲೆ ಯಾರ ಹತ್ರಾನೂ ಹೇಳಕ್ಕಾಗಲ್ಲ. ಅಮ್ಮ ಫೋನ್ ಮಾಡೋ ಮುಂಚೆ ಮಾತ್ರ ಓದಬಾರದು, ಗಂಟಲು ಕಟ್ಟತ್ತೆ.’ ಅಷ್ಟು ಹೇಳಿ ಇಳಿದು ಬಂದು ನಮ್ಮಿಬ್ಬರ ಮಧ್ಯೆ ಕೂತಳು. ಶ್-ಮೇಡಂ ಮುಂದಿನ ಮಗುವನ್ನು ಕರೆಯುವುದನ್ನೂ ಮರೆತು ಕನ್ನಡಕ ಒರೆಸುತ್ತಾ ನಿಂತರು. ಇವರು ಚೋಟುವಿನ ಚಪ್ಪಲಿಯ ಪಟ್ಟಿ ಸರಿಯಾಗಿಯೇ ಇದ್ದರೂ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದರು. ತಲೆ ಎತ್ತಲೇ ಇಲ್ಲ.

ಅಕ್ಕಾ, ಈಗ ನಾನು ಏನು ಮಾಡಲಿ? ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಅರ್ಥವಾಗುತ್ತದೆ. ಆ ಬೋಳು ತಲೆ, ಬತ್ತಿದ ಕೆನ್ನೆ, ಇವು ಅವಳ ನೆನಪಿನಲ್ಲಿ ಉಳಿಯಬಾರದು ಅಂತ ತಾನೆ. ಆದರೆ ನನ್ನ ಮದುವೆಯ ದಿನ ನೀನು ಜ್ವರ ಇಟ್ಟುಕೊಂಡೇ ಇಡೀ ಹೊತ್ತು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ನಗುತ್ತಾ ಕರೆದೆಯಂತೆ. ರಿಪೋರ್ಟು ಕೈಚೀಲದಲ್ಲೇ ಇತ್ತಂತೆ. ತಂಗಿಯ ಮದುವೆ ಕೆಡಬಾರದು ಎಂದು ಆಸ್ಪತ್ರೆಗೆ ಸೇರುವುದನ್ನೇ ಮುಂದೆ ಹಾಕಿದೆ ಎಂದು ಭಾವ ಮೊನ್ನೆ ಬಾಯಿಬಿಟ್ಟರು. ಅವರನ್ನು ಬೈಯಬೇಡ, ನಾನೇ ಪೀಡಿಸಿ ಕೇಳಿದೆ. ಆ ಫೋಟೋಗಳಲ್ಲಿ ನಾನು ಹಲ್ಲು ಕಿರಿಯುತ್ತಿದ್ದೇನೆ, ನೀನು ಪಕ್ಕದಲ್ಲಿ ಗೋಡೆಗೆ ಒರಗಿದ್ದೀಯ. ಆಲ್ಬಂ ತೆಗೆಯಲು ನನಗೆ ಕೈ ಬರುತ್ತಿಲ್ಲ. ಹೇಳಿದ್ದರೆ ನಿನ್ನ ಪಕ್ಕದಲ್ಲಿ ಒಂದು ಕುರ್ಚಿಯನ್ನಾದರೂ ಹಾಕುತ್ತಿದ್ದೆ. ಅಷ್ಟನ್ನೂ ನೀನು ನನ್ನಿಂದ ಕಿತ್ತುಕೊಂಡೆ. ಕೋಪದಿಂದ ಹೇಳುತ್ತಿಲ್ಲ. ಇಲ್ಲ, ಕೋಪವೂ ಇದೆ. ಮುದ್ದೂ ಇದೆ. ನಿನ್ನ ಮಗಳಿಗೆ ಹೀಗಾಗುವುದು ಬೇಡ.

ಕಾಗದ ಉದ್ದವಾಯಿತು, ನಿನಗೆ ಆಯಾಸವಾದರೆ ಭಾವ ಓದಿ ಹೇಳಲಿ. (ಇವರ ಗ್ರೀಸಿನ ಕೈಯ ಭಾಗ ಬಿಟ್ಟು ಓದಿ ಭಾವಾ, ನಾಚಿಕೆ!) ಹೊತ್ತು ಹೊತ್ತಿಗೆ ಮಾತ್ರೆ ತಗೋ, ಆ ಸಿಡುಕಿನ ನರ್ಸಮ್ಮನ ಜೊತೆ ಜಗಳ ಆಡಬೇಡ. ಇವರು ನಿನಗೆ ನಮಸ್ಕಾರ ಹೇಳಿದ್ದಾರೆ, ಭಾವನಿಗೂ. ಹಿರಿಯಳು ನೀನೇ ಕಿರಿಯರಿಗೆ ಆಶೀರ್ವಾದ ಮಾಡಬೇಕು, ಆದರೂ ಈ ಸಲ ನಾನೇ ಮಾಡುತ್ತೇನೆ. ನೂರು ವರ್ಷ ಇರು, ನನ್ನ ತಲೆ ತಿನ್ನುತ್ತಾ ಇರು.

ನಿನ್ನ,
ವಟವಟ ತಂಗಿ

ತಾ.ಕ.: ಇವರು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ‘ಏನು ಮಾಡಲಿ’ ಎಂದು ಕೇಳಿದ್ದು ಸುಳ್ಳು ಅಕ್ಕಾ, ಮಾಡಿ ಆಗಿದೆ. ಇವತ್ತು ಬೆಳಿಗ್ಗೆ ಚೋಟು ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡೇ ‘ಅಮ್ಮ ಆಸ್ಪತ್ರೇಲಿದ್ದಾಳೆ ಅಲ್ವಾ?’ ಅಂದಳು. ಹೌದು ಅಂದೆ. ‘ಸತ್ತೋಗ್ತಾಳಾ?’ ಅಂದಳು. ಗೊತ್ತಿಲ್ಲ ಕಂದಾ, ಡಾಕ್ಟರಿಗೂ ಗೊತ್ತಿಲ್ಲ ಅಂದೆ. ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ‘ನಂಗೆ ಗೊತ್ತು ಅಂತ ಅಮ್ಮಂಗೆ ಹೇಳ್ಬೇಡ ಚಿಕ್ಕಿ, ಹೆದರ್ಕೋತಾಳೆ’ ಅಂದಳು. ಹೇಳುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ. ಈಗ ಹೇಳಿಬಿಟ್ಟೆ. ಬುಧವಾರ ಇವರಿಗೆ ರಜೆ. ಕರೆದುಕೊಂಡು ಬಾ ಅನ್ನು.