ದೋಣಿಯಲ್ಲಿ ನೆನೆದ ಬಂದೂಕಿನ ಕಟ್ಟಿಗೆ

ಲಾಲಸಾಬ ಕಾಕಾ ಅವರಿಗೆ, ಬಿಜ್ಜರಗಿಯ ತೋಟದಿಂದ ಅಮಸಿದ್ದನ ಶರಣು.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ನಾನೇ ಕೇಳಿ, ನಾನೇ ಉತ್ತರ ಹೇಳಿ, ನಾನೇ ಗೆದ್ದುಬಿಡುತ್ತೇನೆ. ಅದಕ್ಕೇ ಈ ಕಾಗದ.

ಬಂದೂಕು ಕೆಟ್ಟಿದೆ. ಕೆಡಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ; ಕೊನೆಗೆ ಇಟ್ಟರೆ ಹೇಗಾದರೂ ತಪ್ಪಿಸಿಕೊಂಡೇನು.

ನಾನು ಕುರಿ ಸಾಕುವುದು ಬಿಟ್ಟು ದ್ರಾಕ್ಷಿ ಹಚ್ಚಿದ ವರ್ಷ ಲೈಸೆನ್ಸು ಮಾಡಿಸಿ, ವಿಜಯಪುರದ ನಿಮ್ಮ ಬಂದೂಕಿನ ಅಂಗಡಿಯಲ್ಲೇ ಆರಿಸಿಕೊಂಡ ರೈಫಲ್ಲು ಅದು. ಕೆಳಗಿನ ಲೀವರ್ ಎಳೆದರೆ ಗುಂಡು ಏರುವ ಹಳೆಯ ಕಾಲದ್ದು. ಈ ಬೇಸಿಗೆಯಲ್ಲಿ ಅದರ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಕಟ್ಟಿಗೆ ಸಡಿಲಾಯಿತು. ಎತ್ತಿದಾಗಲೆಲ್ಲ ಕಟಕಟ. ತಂದು ನಿಮ್ಮ ಮುಂದಿಟ್ಟೆ. ನೀವು ಕಣ್ಣು ಹಚ್ಚಲಿಲ್ಲ, ಬೆರಳು ಆಡಿಸಿದಿರಿ.

"ಸ್ಕ್ರೂದ್ದು ತಪ್ಪಿಲ್ಲೋ ಅಮಸಿದ್ದ, ಕಟ್ಟಿಗಿ ಒಣಗಿ ಸವದೈತಿ. ಒಳಗ ತೆಳ್ಳನ ತೊಗಲು ಕೂಡ್ರಸಬೇಕು. ನಾಕು ದಿನಾ ಬಿಟ್ಟು ಹೋಗು," ಅಂದಿರಿ.

"ನಾಕು ದಿನಾ ಯಾಕ ಕಾಕಾ? ಕಣ್ಣ ಕಾಣಂಗಿಲ್ಲ ಅಂತ ಹೇಳಿಬಿಡ್ರಲ್ಲ!" ಅಂದೆ.

ಅಂಗಡಿಯಲ್ಲಿದ್ದ ಮೂವರು ಗಿರಾಕಿಗಳು ನಕ್ಕರು. ನಗಿಸಲಿಕ್ಕೇ ಅಂದಿದ್ದೆ. ನೀವು ಬಂದೂಕನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಿಂದ ವಾಪಸು ಕೊಟ್ಟಿರಿ.

ಮನೆಗೆ ಬಂದು ಜಾಣತನ ಶುರುಮಾಡಿದೆ. ಬೇಸಿಗೆಯಲ್ಲಿ ಬಂಡಿಯ ಗಾಲಿ ಒಣಗಿ ಕಬ್ಬಿಣದ ಹಳಿ ಸಡಿಲಾದರೆ ನಮ್ಮವರು ಏನು ಮಾಡುತ್ತಾರೆ? ಗಾಲಿಯನ್ನು ನೀರಿಗೆ ಹಾಕುತ್ತಾರೆ, ಕಟ್ಟಿಗೆ ಉಬ್ಬಿ ಹಳಿ ಬಿಗಿಯಾಗುತ್ತದೆ. ನಾನೂ ಕಟ್ಟಿಗೆ ಬಿಚ್ಚಿ, ದನ ನೀರು ಕುಡಿಯುವ ದೋಣಿಯಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ನನ್ನ ಹೆಂಡತಿ ಮಹಾನಂದಾ ಬಗ್ಗಿ ನೋಡಿದಳು. "ಗಾಲಿ ಅಂತ ತಿಳದೀರೇನ್ರಿ? ನಾಳಿಗೆ ಬಂದೂಕಿಗೆ ಎತ್ತು ಹೂಡ್ರಿ, ಸಂತಿಗೆ ಹೋಗೂಣು!"

ಉಬ್ಬಿತು ಕಾಕಾ. ಬಿಗಿಯಾಗಿ ಕೂತಿತು. ಹಲ್ಲು ಕಚ್ಚಿ ಸ್ಕ್ರೂ ತಿರುವಿದೆ, ಟಿಕೋಟಾ ಊರಿನ ತನಕ ಹೇಳಿಕೊಂಡು ಬಂದೆ. ಆರನೆಯ ದಿನ ಒಣಗಿ, ಸ್ಕ್ರೂ ಇದ್ದಲ್ಲಿಂದ ಉದ್ದಕ್ಕೆ ಸೀಳಿತು. ನಳಿಗೆಗೆ ತುಕ್ಕು ಬೇರೆ. ಗಾಲಿಯನ್ನು ಸುತ್ತಲೂ ಹಳಿ ಹಿಡಿದಿರುತ್ತದೆ. ಇದನ್ನು ಹಿಡಿಯುವವರು ಯಾರು? ಅಂಟು ಹಚ್ಚಿದೆ. ದ್ರಾಕ್ಷಿ ಚಪ್ಪರದ ತಂತಿ ಸುತ್ತಿದೆ. ಈಗ ಕಟಕಟದ ಜೊತೆ ಕಿರ್ರ್ ಅಂತಲೂ ಅನ್ನುತ್ತದೆ. ಎತ್ತಿ ದೋಣಿಗೇ ಒಗೆಯಬೇಕೆನಿಸುತ್ತದೆ.

ಹೋದ ವಾರ ನಿಮ್ಮಲ್ಲಿಗೆ ಬಂದಿದ್ದೆ. ಅಂಗಡಿಗೆ ಬೀಗ. ಮನೆಯ ಬಾಗಿಲಲ್ಲಿ ನಿಮ್ಮ ಮಗಳು ಮಿನಾಜ ಸಿಕ್ಕಳು. "ಅಬ್ಬಾ ಆವತ್ತಿಂದ ರಿಪೇರಿ ಹತ್ಯಾರ ಮುಟ್ಟಿಲ್ರಿ ಅಣ್ಣಾ. ಕಣ್ಣ ಕಾಣದಾಂವಗ ಕೆಲಸಾ ಯಾಕ ಅಂತಾರ."

ಬಸ್ಸಿನಲ್ಲಿ ಕೂತವನಿಗೆ ಸಿಟ್ಟು ಮಾಡಿಕೊಳ್ಳಲು ನನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ. ಬಂದೂಕು ಎಲ್ಲಾದರೂ ರಿಪೇರಿಯಾದೀತು. ನಿಮ್ಮ ಕೈ ನನ್ನ ಒಂದು ಮಾತಿಗೆ ನಿಂತಿತಲ್ಲ, ಅದನ್ನು ಯಾರ ಹತ್ತಿರ ಒಯ್ಯಲಿ?

ಒಣದ್ರಾಕ್ಷಿ ಮಾಡುವವನು ನಾನು. ಶೆಡ್ಡಿನಲ್ಲಿ ಹರವಿದ ಹಣ್ಣಿಗೆ ಹದಿನೈದು ದಿನ ಬೇಕು. ಹದಿಮೂರಕ್ಕೆ ಬಂದು ಅವಸರ ಮಾಡುವ ವ್ಯಾಪಾರಿಯನ್ನು ಬೈದು ಕಳಿಸುತ್ತೇನೆ. ನಿಮ್ಮ ನಾಲ್ಕು ದಿನ ಮಾತ್ರ ನನಗೆ ಹೆಚ್ಚಾಯಿತು.

ಸೋಮವಾರ ಬರುತ್ತೇನೆ. ಆವತ್ತು ನಕ್ಕವರಲ್ಲಿ ಇಬ್ಬರು ಬಬಲೇಶ್ವರದವರು, ಒಬ್ಬ ಹೊನವಾಡದವನು. ಮೂವರನ್ನೂ ಹುಡುಕಿ ಒಪ್ಪಿಸಿದ್ದೇನೆ, ಜೊತೆಗೆ ಕರೆತರುತ್ತೇನೆ. ನಿಮ್ಮ ಅಂಗಡಿಯಲ್ಲೇ ನಿಂತು ಈ ದೋಣಿಯ ಕತೆ ಪೂರ್ತಿ ಹೇಳುತ್ತೇನೆ. ಅವರು ನಗಲಿ, ನೀವೂ ನಗಿರಿ. ಆಮೇಲೆ ಬಂದೂಕು ಬಿಟ್ಟು ಹೋಗುತ್ತೇನೆ. ಯಾವಾಗ ಬರಲಿ ಎಂದು ಕೇಳುವುದಿಲ್ಲ.

ಅಂಗಡಿಯ ಬೀಗ ಮಾತ್ರ ತೆಗೆದಿಡಿ. ದೇವರು ನಿಮ್ಮ ಬೆರಳುಗಳನ್ನು ಬಹುಕಾಲ ಚೆನ್ನಾಗಿಟ್ಟಿರಲಿ.

ಬೈಸಿಕೊಳ್ಳಲು ತಯಾರಾಗಿರುವ,
ಅಮಸಿದ್ದ