ಅಳಲೆಕಾಯಿ ಮಸಿ

ಬಾಗಲಗುಂಟೆ, ಬೆಂಗಳೂರು
೧೪ ಜುಲೈ ೨೦೨೪, ರವಿವಾರ

ಪ್ರೀತಿಯ ನೀಲಾ,

ಹೇಗಿದ್ದೀ? ಎದೆಹಾಲಿನ ನೋವು ಈಗಲಾದರೂ ಪೂರ್ತಿ ಇಳಿಯಿತೇ? ಇಲ್ಲದಿದ್ದರೆ ನಿಮ್ಮ ಅವ್ವನಿಗೆ ಹೇಳು, ಸಂಕೋಚಪಟ್ಟು ಜ್ವರ ತಂದುಕೊಳ್ಳಬೇಡ. ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಪೀಣ್ಯದ ಕಾರ್ಖಾನೆಗೆ ಹೋಗುತ್ತೇನೆ, ಲೇತ್ ಓಡಿಸುತ್ತೇನೆ, ಬರುತ್ತೇನೆ. ಫೋನಿನಲ್ಲಿ ನೀನೂ ಸುಮ್ಮನಿರುತ್ತೀ, ನಾನೂ ಸುಮ್ಮನಿರುತ್ತೇನೆ; ಅದಕ್ಕೇ ಈ ಕಾಗದ.

ಕಳೆದ ತಿಂಗಳು ಊರಿಗೆ ಹೋಗಿ ನಮ್ಮ ಮುತ್ಯಾನ ಕೈಬರಹದ ಪುಸ್ತಕ ತಂದೆ. ಮನೆಯಲ್ಲಿ ಹುಟ್ಟಿದವರ ಹೆಸರೆಲ್ಲ ಇರುವ, ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ, ನೀನೂ ನೋಡಿದ್ದೀ. ಮುತ್ಯಾ ತಾನೇ ಕಾಯಿಸಿದ ಮಸಿಯಲ್ಲಿ ಬರೆದ ಹೆಸರುಗಳು ಇನ್ನೂ ಕರ್ರಗಿವೆ. ಅಪ್ಪ ಅಂಗಡಿಯ ಮಸಿಯಲ್ಲಿ ಬರೆದ ನನ್ನ ಹೆಸರು ಆಗಲೇ ಮಾಸಿದೆ. ನಮ್ಮ ಮಗಳ ಹೆಸರು ಹಾಗಾಗಬಾರದು. ಅವಳು ಬದುಕಿದ್ದೇ ಹನ್ನೊಂದು ದಿನ; ಹೆಸರಾದರೂ ನೂರು ವರ್ಷ ಇರಲಿ.

ಅವಳನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಅವ್ವ, 'ಹೆಸರಿಡೂಕಿಂತ ಮೊದಲ ಹೋದ ಕೂಸನ್ನ ಪುಸ್ತಕದಾಗ ಯಾರ ಬರೀತಾರ?' ಎಂದಾಗ ನಾನು ನೆಲ ನೋಡುತ್ತ ನಿಂತೆ. ನೀನು ನನ್ನ ಮುಖ ನೋಡಿದ್ದು ಗೊತ್ತು. ಮರುದಿನವೇ ನೀನು ತವರಿಗೆ ಹೊರಟೆ. ಈ ಸಲ ಊರಲ್ಲಿ ಅವ್ವನಿಗೆ, 'ನಾ ಬರೀತೀನಿ' ಎಂದೆ. ಅವಳು ಒಳಗಿಂದ ಪುಸ್ತಕದ ಗಂಟು ತಂದುಕೊಟ್ಟಳು. ಇಷ್ಟೇ ಮಾತು, ಅಂದೇ ಅನ್ನಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಸಿ ಮಾಡುವ ಬಗೆಯನ್ನೂ ಮುತ್ಯಾ ಮೊದಲ ಹಾಳೆಯಲ್ಲೇ ಬರೆದಿದ್ದಾನೆ. ಅಳಲೆಕಾಯಿ ಜಜ್ಜಿ, ನೀರು ಕಾಲು ಭಾಗಕ್ಕೆ ಇಳಿಯುವಂತೆ ಕುದಿಸಿ, ಸೋಸಿ, ಕಬ್ಬಿಣ ಹಾಕಿ ಮೂರು ದಿನ ಇಟ್ಟು, ಕೊನೆಗೆ ಜಾಲಿ ಅಂಟು ಕಲೆಸಬೇಕು. ನನಗೆ ಕಬ್ಬಿಣಕ್ಕೇನು ಬರ ಎಂದು ಲೇತ್‌ನಲ್ಲಿ ಲೋಹ ಕಡೆಯುವಾಗ ಉದುರಿದ ಸುರುಳಿಗಳನ್ನೇ ತಂದು ಹಾಕಿದೆ. ಮೂರು ದಿನವಾದರೂ ಚಹಾದ ಬಣ್ಣ. ನನ್ನ ಪಕ್ಕದ ಲೇತ್‌ನ ನಂಜಪ್ಪ ನಕ್ಕುಬಿಟ್ಟ: 'ಗುರು, ಹತ್ತು ವರ್ಷ ಲೇತ್ ಓಡ್ಸಿದ್ದೀಯ, ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯಲ್ಲ ಅಂತ ಗೊತ್ತಿಲ್ವಾ?' ಮಸಿ ಯಾಕೆ ಎಂದು ಹೇಳಿದ ಮೇಲೆ ಅವನು ನಗಲಿಲ್ಲ. ಎರಡನೆಯ ಸಲ ಸಾದಾ ಕಬ್ಬಿಣದ ಸುರುಳಿ ಹಾಕಿದೆ, ಆದರೆ ಅದಕ್ಕಂಟಿದ ಎಣ್ಣೆ ತೊಳೆಯಲು ಮರೆತೆ. ಮಸಿ ಕಾಗದದ ಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿತು. ನನ್ನ ತಲೆ ಈಗ ಹೀಗಿದೆ, ಬೈಯಬೇಡ. ಮೂರನೆಯ ಸಲಕ್ಕೆ ನಂಜಪ್ಪನೇ ಸೋಪಿನ ಪುಡಿ ಹಾಕಿ ಉಜ್ಜಿ ಕೊಟ್ಟ, ನಾನು ತಾರಸಿಯ ಮೇಲೆ ಮಳೆಗಿಟ್ಟು ತುಕ್ಕು ಹಿಡಿಸಿದೆ. ಕುದಿಯುವ ವಾಸನೆಗೆ ಮನೆ ಓನರಮ್ಮ ಚಿಕ್ಕಮುನಿಯಮ್ಮ ಮೇಲೆ ಬಂದು, 'ಇದೇನಪ್ಪಾ, ಕಸಾಯ ಕಾಯಿಸ್ತಾ ಇದ್ದೀಯಾ? ಉಸಾರಿಲ್ವಾ?' ಎಂದರು. ಸಂಜೆ ಅನ್ನ, ಸಾರು ಕಳಿಸಿದರು.

ಈ ಕಾಗದ ಆ ಮೂರನೆಯ ಮಸಿಯಲ್ಲೇ ಬರೆದದ್ದು. ಬರೆಯುವಾಗ ತೆಳ್ಳಗೆ ಬೂದು ಬಣ್ಣ, ಒಂದು ದಿನ ಗಾಳಿಯಾಡಿದರೆ ಕಪ್ಪಾಗುತ್ತದೆ. ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ನಿನ್ನನ್ನು ಬಾ ಎಂದು ಕರೆಯುವ ಮುಖ ನನಗಿಲ್ಲ, ಆದರೂ ದಿನಾ ದಾರಿ ನೋಡುತ್ತೇನೆ.

ನಿನ್ನ,
ಸಿದ್ರಾಮ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಒಂಬತ್ತನೆಯ ದಿನ ನಾನು ಆಸ್ಪತ್ರೆಯ ಕೋಣೆಗೆ ಬಂದಾಗ ನೀನು ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೆಸರು ಹಿಡಿದು ಕರೆಯುತ್ತಿದ್ದೆ. ತೊಟ್ಟಿಲಿಗೆ ಹಾಕುವ ಮೊದಲು ಕರೆಯಬಾರದೆಂದೋ ಏನೋ, ನನ್ನನ್ನು ಕಂಡು ಸುಮ್ಮನಾದೆ. ನಾನೂ ಕೇಳಲಿಲ್ಲ. ಅದು ಯಾವ ಹೆಸರು, ನೀಲಾ? ಒಂದು ಕಾರ್ಡಿನಲ್ಲಿ ಅದೊಂದನ್ನೇ ಬರೆದು ಹಾಕು. ಅವಳನ್ನು ನೆನೆದು ಅಳುವಾಗ ಏನಂತ ಕರೆಯಬೇಕೋ ನನಗೆ ಗೊತ್ತಿಲ್ಲ.